ಬೆರಕೆ ಕಪ್ಪೆಯ ಪಾಠ

‘ಬೆರಕೆ’ ಎಂಬ ಮಾತನ್ನು ನಾವು ಬೈಗುಳವಾಗಿ ಬಳಸುವುದುಂಟು. ತುಪ್ಪಕ್ಕಾಗಲಿ ಮನುಷ್ಯನಿಗಾಗಲಿ ಆ ಮಾತು ತಗುಲಿತೆಂದರೆ ಬೆಲೆ ಇಳಿಯಿತೆಂದೇ ಅರ್ಥ. ಈ ಎಣಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಯುರೋಪಿನ ಒಂದು ಕಪ್ಪೆಯನ್ನು ಮುಂದಿಟ್ಟುಕೊಂಡು ವಿಚಾರಮಾಡಬೇಕೆಂದು ನನ್ನ ಆಸೆ. ಕಲಾ ವಿದ್ಯಾರ್ಥಿಗೆ ಕಪ್ಪೆಯ ಗೊಡವೆ ಏಕೆಂದು ಮಿತ್ರರು ನಕ್ಕಾರು, ನಗಲಿ.

ಫ್ರಾನ್ಸಿನಿಂದ ರಷ್ಯದವರೆಗೆ ಕೆರೆ, ಕುಂಟೆ, ಕಾಲುವೆ, ಮೆಲ್ಲನೆ ಹರಿಯುವ ತೊರೆಗಳಲ್ಲಿ ಬಾಳುವ ಈ ಹಸುರು ಕಪ್ಪೆಗೆ ಲಿನೇಯಸ್ 1758ರಲ್ಲಿ ‘ರಾನಾ ಎಸ್ಕುಲೆಂಟಾ’, ಅಂದರೆ ತಿನ್ನಲು ಯೋಗ್ಯವಾದ ಕಪ್ಪೆ, ಎಂದು ಹೆಸರಿಟ್ಟನು. ಸುಮಾರು ಇನ್ನೂರು ವರ್ಷಗಳ ತರುವಾಯ, 1960ರ ದಶಕದಲ್ಲಿ, ಪೋಲೆಂಡಿನ ಲೆಷೆಕ್ ಬೆರ್ಗರ್ ಎಂಬ ವಿಜ್ಞಾನಿ ತಳಿಗೂಡಿಸಿ ನೋಡಿ, ಇದು ಕೊಳಗಪ್ಪೆ ಮತ್ತು ಜೌಗುಗಪ್ಪೆ ಎಂಬ ಎರಡು ಜಾತಿಗಳ ಬೆರಕೆಯ ಸಂತಾನವೆಂದು ತೋರಿಸಿದನು.

ಕೊಳಗಪ್ಪೆಗೆ ಗಿಡ ತುಂಬಿದ ಸಣ್ಣ ಕುಂಟೆ ಪ್ರಿಯ. ಜೌಗುಗಪ್ಪೆಗೆ ದೊಡ್ಡ ಕೆರೆ, ನದಿಗಳು ಬೇಕು. ಇವುಗಳ ಮಗುವಿಗೆ ಎರಡೂ ಒಗ್ಗುತ್ತವೆ. ಆದರೆ ಅದರ ಬಾಳಿನಲ್ಲೊಂದು ವೈಚಿತ್ರ್ಯವಿದೆ. ಬಹುಕಡೆ ಅದು ಸಂತಾನೋತ್ಪತ್ತಿಯ ಕಾಲದಲ್ಲಿ ಕೊಳಗಪ್ಪೆಯಿಂದ ಬಂದ ವಂಶವಾಹಿಗಳನ್ನೆಲ್ಲ ತೊರೆದು, ಜೌಗುಗಪ್ಪೆಯವನ್ನು ಮಾತ್ರ ಮುಂದಕ್ಕೆ ದಾಟಿಸುತ್ತದೆ. ಆದಕಾರಣ ಪ್ರತಿ ತಲೆಮಾರಿನಲ್ಲಿಯೂ ಕೊಳಗಪ್ಪೆಯೊಡನೆ ಕೂಡಿದರೇ ಮತ್ತೆ ಬೆರಕೆ ಹುಟ್ಟುವುದು. ಬೆರಕೆಗೆ ಬೆರಕೆಯೇ ಕೂಡಿದರೆ ಮರಿಗಳು ಬಹುಮಟ್ಟಿಗೆ ಗೊದಮೊಟ್ಟೆಯ ಹಂತದಲ್ಲಿಯೇ ಸಾಯುತ್ತವೆ.

“ನೋಡಿದಿರಾ, ಬೆರಕೆ ತಾನಾಗಿ ನಿಲ್ಲದು” ಎನ್ನುವವರು ಇದ್ದಾರು. ನಾನು ಒಪ್ಪೆ. ಡೆನ್ಮಾರ್ಕ್, ದಕ್ಷಿಣ ಸ್ವೀಡನ್ನುಗಳ ಕೆಲವು ಕುಂಟೆಗಳಲ್ಲಿ, ಮೂರು ಗಣ ವರ್ಣತಂತುಗಳುಳ್ಳ ತಮ್ಮವರ ನೆರವಿನಿಂದ, ಈ ಕಪ್ಪೆಗಳು ತಾವೇ ಸಂಸಾರ ನಡೆಸುತ್ತಿವೆ. ಉಳಿದ ಅನೇಕ ಕಡೆಗಳಲ್ಲಿ ಹೆತ್ತವರ ಜಾತಿಗಿಂತ ಇವುಗಳ ಸಂಖ್ಯೆಯೇ ಹೆಚ್ಚು. ಮತ್ತೊಬ್ಬರ ಆಸರೆ ಬೇಕೆಂಬುದು ಕೀಳುತನವಾದರೆ ಲೋಕದಲ್ಲಿ ಮೇಲಾದವರು ಯಾರು?

ನಿಜವಾದ ಅಪಾಯ ಬೇರೆಯೇ ಇದೆ. ಕುಂಟೆ ಮುಚ್ಚಿದರೆ ಕೊಳಗಪ್ಪೆ ಹೋಗುತ್ತದೆ. ಅದನ್ನೇ ನಂಬಿದ ಬೆರಕೆಯೂ ಹಿಂದೆಯೇ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಕೊಳಗಪ್ಪೆ 1990ರ ದಶಕದಲ್ಲಿ ಅಳಿಯಿತು. 2005ರಲ್ಲಿ ಸ್ವೀಡನ್ನಿನಿಂದ ತಂದು ಬಿಡಬೇಕಾಯಿತು. ಆದುದರಿಂದ ‘ಶುದ್ಧ’ ಜಾತಿಗಳ ಪಟ್ಟಿ ಹಿಡಿದು ರಕ್ಷಣೆಗೆ ಹೊರಡುವುದಕ್ಕಿಂತ, ಎಲ್ಲರೂ ಕೂಡಿ ಬಾಳುವ ನೀರನ್ನು ಮೊದಲು ಕಾಯಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮೂರುಗಳಲ್ಲಿಯೂ ಕುಂಟೆಗಳು ಮುಚ್ಚುತ್ತಿವೆ, ‘ಬೆರಕೆ’ ಎಂಬ ಬೈಗುಳ ಮಾತ್ರ ಬತ್ತಿಲ್ಲ. ಬತ್ತಬೇಕಾದುದು ಯಾವುದು, ತುಂಬಬೇಕಾದುದು ಯಾವುದು ಎಂಬುದನ್ನು ವಿದ್ಯಾವಂತರಾದ ನಾವಾದರೂ ತಿಳಿಯಬೇಡವೇ?