ಬಿಡುವಿನ ವೇಳೆ ಎಂಬ ಸುಳ್ಳು

ಕಳೆದ ವರ್ಷ ನಮ್ಮ ಕುಡಚಡೆಯಲ್ಲಿ ಮಹಿಳೆಯರಿಗಾಗಿ ಒಂದು ಸಭೆ ನಡೆಯಿತು. ನಡೆಸಿದವರ ಹೆಸರು ಇಲ್ಲಿ ಬೇಡ. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಭಾಷಣಕಾರರು ಎರಡು ಗಂಟೆಗಳಲ್ಲಿ ಸಾಬೂನು ಮಾಡುವ ವಿಧಾನವನ್ನು ತೋರಿಸಿ, ಕಡೆಯಲ್ಲಿ ಕೈಮುಗಿದು, "ತಾಯಂದಿರೇ, ಮನೆಗೆಲಸವೆಲ್ಲ ಮುಗಿದ ಮೇಲೆ ಬಿಡುವಿನ ವೇಳೆಯಲ್ಲಿ ಇದನ್ನು ಮಾಡಿರಿ, ನಾಲ್ಕು ಕಾಸು ಕೈಸೇರುವುದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯುವುದಕ್ಕಾಗಿಯೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮೂರಿನ ಸಂಗತಿ ವಾಚಕರಿಗೆ ತಿಳಿದದ್ದೇ. ಸುತ್ತಣ ಗಣಿಗಳ ಕಬ್ಬಿಣದ ಅದಿರನ್ನು ಸಾಗಿಸುವ ಲಾರಿಗಳನ್ನು ನಂಬಿ ಘಟ್ಟವಿಳಿದು ಬಂದ ಕನ್ನಡ ಕುಟುಂಬಗಳು ಇಲ್ಲಿ ಹಲವು. 2012ರಲ್ಲಿ ಒಮ್ಮೆ, 2018ರ ಮಾರ್ಚಿಯಲ್ಲಿ ಇನ್ನೊಮ್ಮೆ ಗಣಿಗಳು ನಿಂತವು. ಎರಡನೆಯ ಸಲ ನಿಂತಾಗ ನನ್ನ ಅಣ್ಣನ ಕೈಯಿಂದ ಲಾರಿಯ ಚಕ್ರವೂ ಜಾರಿತು. ಅಂದಿನಿಂದ ಅತ್ತಿಗೆಯವರು ಬೆಳಗಿನ ಹೊತ್ತು ಬೇರೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತಾರೆ. ಮರಳಿ ಬಂದು ನಮ್ಮ ಮನೆಯ ಅಡುಗೆಯನ್ನೂ ಮಾಡುತ್ತಾರೆ. ಸಭೆಯ ಮರುವಾರವೇ ಅವರು ಸಾಬೂನಿನ ಉದ್ಯೋಗವನ್ನು ಕೈಗೊಂಡರು. ಲೆಕ್ಕದ ಪುಸ್ತಕವನ್ನು ಇಡುವ ಕೆಲಸ, ನಾನು ಶಿಕ್ಷಕಿಯೆಂಬ ಕಾರಣದಿಂದ, ನನ್ನ ಪಾಲಿಗೆ ಬಂದಿತು.

ಮೊದಲು ಆ "ಬಿಡುವಿನ ವೇಳೆ"ಯನ್ನು ಪರೀಕ್ಷಿಸೋಣ. ಸಾಬೂನೆಂದರೆ ಎಣ್ಣೆಯೂ ಕ್ಷಾರವೂ ಕೂಡಿ ಹುಟ್ಟುವ ಹೊಸ ವಸ್ತು. 3 ಕಿಲೊ ಕೊಬ್ಬರಿ ಎಣ್ಣೆಗೆ ಸುಮಾರು 520 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಇದಕ್ಕಿಂತ ಹೆಚ್ಚಾದರೆ ಚರ್ಮ ಉರಿಯುವುದು. ತೀರ ಕಡಿಮೆಯಾದರೆ ಸಾಬೂನು ಜಿಡ್ಡಾಗಿಯೇ ಉಳಿಯುವುದು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾದ ಮೇಲೆ ಸುರಿಯಬಾರದು. ಸುರಿದರೆ ಸಿಡಿದು ಮುಖಕ್ಕೆ ಹಾರುವುದು. ಅಲ್ಯುಮಿನಿಯಮ್ ಪಾತ್ರೆಯನ್ನು ಮುಟ್ಟಲೇ ಕೂಡದು. ಅದನ್ನು ಕ್ಷಾರವು ಕೊರೆದು ತಿನ್ನುವುದು. ಒಲೆಯಿಲ್ಲದೆಯೇ ಆ ನೀರು ಕುದಿಬಿಸಿಯಾಗುವುದು. ಇಂತಹ ಪಾತ್ರೆಯ ಮುಂದೆ ನಿಂತವಳಿಗೆ "ಅವ್ವಾ, ಹಸಿವು" ಎಂದು ಕೂಗುವ ಮಗುವಿದ್ದರೆ, ಬಾಗಿಲು ಬಡಿಯುವ ನೆಂಟರಿದ್ದರೆ, ಅದು ಬಿಡುವಿನ ಕೆಲಸವೇ? ನಮ್ಮ ಅತ್ತಿಗೆಯವರು ಕಂಡುಕೊಂಡ ಸುರಕ್ಷಿತವಾದ ಸಮಯ ಒಂದೇ: ಎಲ್ಲರೂ ಮಲಗಿದ ನಂತರ ರಾತ್ರಿ ಹನ್ನೊಂದು ಗಂಟೆ. ಭಾಷಣಕಾರರು ಯಾವುದನ್ನು ಬಿಡುವೆಂದು ಕರೆದರೋ ಅದು ಒಬ್ಬ ಹೆಂಗಸಿನ ನಿದ್ರೆಯಾಗಿತ್ತು.

ಮುಂದೆ ಲಾಭದ ಮಾತು. ನಾವು ಮಕ್ಕಳಿಗೆ ಕಲಿಸುವ ಸೂತ್ರ ಚಿಕ್ಕದು: ಮಾರಿದ ಬೆಲೆಯಿಂದ ಕೊಂಡ ಬೆಲೆಯನ್ನು ಕಳೆದರೆ ಉಳಿದದ್ದು ಲಾಭ. ಅದರಂತೆಯೇ ನಾನು ಬರೆದೆ. ಎಣ್ಣೆ ಕಿಲೊಗೆ 400ರಂತೆ 1,200 ರೂಪಾಯಿ; ಸೋಡಾ, ಬೇವಿನ ಪುಡಿ, ಸುತ್ತುವ ಕಾಗದ ಸೇರಿ 240; ಒಟ್ಟು 1,440. ಆದ ಬಿಲ್ಲೆಗಳು 39. ಒಂದಕ್ಕೆ 45ರಂತೆ 1,755. ಲಾಭ 315 ರೂಪಾಯಿ! ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ನಾನು ಹಿಗ್ಗಿದೆ.

ಅತ್ತಿಗೆಯವರು ಹಿಗ್ಗಲಿಲ್ಲ. "ನಾಲ್ಕು ಬಿಲ್ಲೆ ನೆಂಟರು ಹಾಗೆಯೇ ಒಯ್ದರಲ್ಲ" ಎಂದರು. 180 ಹೋಯಿತು, ಉಳಿದದ್ದು 135. ಬಳಿಕ ಅವರೊಡನೆ ಕುಳಿತು ಗಂಟೆಗಳನ್ನು ಎಣಿಸಿದೆ. ತೂಗಿ, ಕಲಸಿ, ಅಚ್ಚಿಗೆ ಹೊಯ್ಯಲು 2, ಕತ್ತರಿಸಲು 1, ನಾಲ್ಕು ವಾರ ಒಣಗುವತನಕ ದಿನದಿನವೂ ತಿರುವಿ ಹಾಕಲು ಒಟ್ಟು 1, ಸುತ್ತಲು 2, ಪಾತ್ರೆ ತೊಳೆಯಲು 1, ಮನೆಮನೆಗೆ ಒಯ್ದು ಮಾರಲು 3. ಹತ್ತು ಗಂಟೆ. 135ನ್ನು ಹತ್ತರಿಂದ ಭಾಗಿಸಿದರೆ ಗಂಟೆಗೆ 13 ರೂಪಾಯಿ 50 ಪೈಸೆ! ಇದು ಮಳೆಯಿಲ್ಲದ ತಿಂಗಳಿನ ಲೆಕ್ಕ. ಆಷಾಢ ಶ್ರಾವಣಗಳಲ್ಲಿ ಗೋವೆಯ ಹಸಿ ಗಾಳಿಗೆ ಸಾಬೂನಿನ ಮೈಮೇಲೆ ಬೆವರಿನಂತೆ ಹನಿಗಳು ನಿಲ್ಲುವವು. ನಾಲ್ಕು ವಾರದ ಕೆಲಸ ಆರು ವಾರಕ್ಕೆ ಹೋಗುವುದು. ಅಲ್ಲಿಯವರೆಗೆ ಎಣ್ಣೆಗೆ ಕೊಟ್ಟ ಹಣ ಕೈಗೆ ಬಾರದು.

ನಮ್ಮ ಲಾಭ-ನಷ್ಟದ ಲೆಕ್ಕದಲ್ಲಿ ಎಣ್ಣೆಗೆ ಬೆಲೆಯಿದೆ, ಕಾಗದಕ್ಕೆ ಬೆಲೆಯಿದೆ; ಕೈಗೆ ಮಾತ್ರ ಸೊನ್ನೆ. ಆ ಸೊನ್ನೆಯನ್ನು ಬರೆದವಳು ನಾನು, ಶಿಕ್ಷಕ ತರಬೇತಿಯ ಪ್ರಮಾಣಪತ್ರವುಳ್ಳವಳು! ಆ ತರಬೇತಿಯ ಪರೀಕ್ಷೆಗೆ ನಾನು ಓದುತ್ತಿದ್ದಾಗ ಹೊತ್ತುಹೊತ್ತಿಗೆ ತಟ್ಟೆಯನ್ನು ಮುಂದಿಟ್ಟವರು ಇದೇ ಅತ್ತಿಗೆಯವರು. ಅದೂ ನನ್ನ ಯಾವ ಲೆಕ್ಕದಲ್ಲಿಯೂ ಬಂದಿಲ್ಲ. ಅವರ ಮಗ ನಾಲ್ಕನೆಯ ತರಗತಿಯಲ್ಲಿದ್ದಾನೆ. "ನನ್ನ ತಾಯಿ" ಎಂಬ ಪ್ರಬಂಧದಲ್ಲಿ, "ನಮ್ಮ ಅವ್ವ ಮನೆಯಲ್ಲಿ ಇರುತ್ತಾಳೆ, ಸಾಬೂನು ಮಾಡಿ ಆಡುತ್ತಾಳೆ" ಎಂದು ಬರೆದಿದ್ದನು. ಹುಡುಗನನ್ನು ಗದರಿಸಿ ಫಲವೇನು? ಅವನು ದೊಡ್ಡವರಿಂದ ಕೇಳಿದ್ದನ್ನೇ ಬರೆದನು.

ಕೆಲವರು ಇಲ್ಲಿ ಕಾಯಕದ ಹೆಸರನ್ನು ಎತ್ತುವರು. ಕಾಯಕ ಮಾಡುವವರು ಹಣವನ್ನು ಎಣಿಸಬಾರದೆಂಬುದು ಅವರ ವಾದ. ಶರಣರ ಕಥೆಯನ್ನು ಅವರು ಪೂರ್ತಿ ಓದಲಿ. ಗಂಡ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದಳೆಂದು ಕಥೆ. ಅಳತೆಯನ್ನು ಅರಿತಿದ್ದರಿಂದಲೇ ಹೆಚ್ಚಾದುದು ಆಕೆಗೆ ಕಂಡಿತು. ಹೆಚ್ಚಿನದು ಬೇಡವೆಂದವಳು ಆಕೆ. ನ್ಯಾಯವಾದುದಕ್ಕಿಂತ ಕಡಿಮೆ ಕೊಡಿರೆಂದವಳಲ್ಲ.

ಸರ್ಕಾರವು ಸಾಬೂನಿಗೆ ಕೈಹಾಕಿದಾಗ ಹೇಗೆ ನಡೆದುಕೊಂಡಿತೆಂಬುದನ್ನೂ ನೆನೆಯೋಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಗಂಧದ ಮರಕ್ಕೆ ಯುರೋಪಿನ ಪೇಟೆ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು, ರಸಾಯನಶಾಸ್ತ್ರಜ್ಞ ಎಸ್. ಜಿ. ಶಾಸ್ತ್ರಿಯವರನ್ನು ತರಬೇತಿಗೆಂದು ಇಂಗ್ಲೆಂಡಿಗೆ ಕಳುಹಿಸಿದರು; 1918ರಲ್ಲಿ ಮೈಸೂರು ಗಂಧದ ಸಾಬೂನು ಹೊರಬಂದಿತು. ಅಲ್ಲಿ ಕಟ್ಟಡವಿತ್ತು, ಬಂಡವಾಳವಿತ್ತು, ಸಂಬಳವಿತ್ತು. ಶಾಸ್ತ್ರಿಯವರಿಗೆ ಯಾರಾದರೂ "ಮನೆಗೆಲಸ ಮುಗಿದ ಮೇಲೆ ಮಾಡಿರಿ" ಎಂದರೇ? ಗಂಡಸು ಮಾಡಿದರೆ ಕೈಗಾರಿಕೆ, ಹೆಂಗಸು ಮಾಡಿದರೆ ಕಾಲಹರಣ ಎಂಬ ಭೇದವನ್ನು ನಾವು ಎಷ್ಟು ಕಾಲ ಸಾಕಿಕೊಂಡಿರೋಣ?

ಭಾಷಣದಲ್ಲಿ ಬಿಟ್ಟುಹೋದ ಮಾತು ಇನ್ನೊಂದಿದೆ. ಮೈಗೆ ಹಚ್ಚುವ ಸಾಬೂನು ನಮ್ಮ ಕಾಯಿದೆಯ ಪ್ರಕಾರ ಸೌಂದರ್ಯವರ್ಧಕ. 1940ರ ಕಾಯಿದೆ ಮತ್ತು 2020ರ ಸೌಂದರ್ಯವರ್ಧಕ ನಿಯಮಗಳಂತೆ ಅದನ್ನು ಮಾಡಿ ಮಾರಲು ಪರವಾನಗಿ ಬೇಕು. ಅದಕ್ಕೆ ತಕ್ಕ ಸ್ಥಳವೂ ಬೇಕು. ಅಡುಗೆಮನೆಯ ಮೂಲೆ ಸಾಲದು. ನಿಯಮವನ್ನು ನಾನು ದೂರುವುದಿಲ್ಲ; ಕ್ಷಾರದ ಅಳತೆ ತಪ್ಪಿದ ಸಾಬೂನು ಯಾವುದೋ ಕೂಸಿನ ಮೈಯನ್ನು ಸುಡಬಾರದಲ್ಲವೇ? ಆದರೆ ಪ್ರಮಾಣಪತ್ರ ಹಂಚಿ ಛಾಯಾಚಿತ್ರ ತೆಗೆಸಿಕೊಂಡವರು ಈ ಮಾತನ್ನು ಅಂದೇ ಹೇಳಬೇಕಾಗಿತ್ತು. ತಡವಾಗಿ ನಾನೇ ಅದನ್ನು ಓದಿ ಹೇಳಿದ ದಿನ ಅತ್ತಿಗೆಯವರು ಮಾರಾಟವನ್ನು ನಿಲ್ಲಿಸಿದರು. ಅಚ್ಚುಗಳು ಈಗ ಅಟ್ಟದ ಮೇಲಿವೆ.

ಹಾಗಾದರೆ ಮಾಡತಕ್ಕದ್ದೇನು? ಎರಡು ಗಂಟೆಯ ಶಿಬಿರಗಳನ್ನು ನಿಲ್ಲಿಸೋಣ. ಹತ್ತು ಮಂದಿ ಹೆಂಗಸರು ಕೂಡಿ ಪರವಾನಗಿ ಪಡೆಯಬಲ್ಲಂತಹ ಒಂದು ಕೋಣೆ, ಒಂದು ನಂಬಿಕೆಯ ತಕ್ಕಡಿ, ಬಾಗಿಲಿಗೊಂದು ಚಿಲಕ, ಇಷ್ಟನ್ನು ಒದಗಿಸಲು ಸಂಘ ಸಂಸ್ಥೆಗಳು ಮುಂದಾಗಲಿ. ಆ ಗಂಟೆಗಳಲ್ಲಿ ಮನೆಯ ಒಲೆಯನ್ನು ಗಂಡಸರೂ ನನ್ನಂತಹ ಸಂಬಳದ ಹೆಂಗಸರೂ ನೋಡಿಕೊಳ್ಳಲಿ. ನಾನು ವಾರಕ್ಕೆ ಮೂರು ಸಂಜೆ ಒಪ್ಪಿಕೊಂಡಿದ್ದೇನೆ. ಅಣ್ಣನು ಇನ್ನೂ ಯೋಚಿಸುತ್ತಿದ್ದಾನೆ!

ಬೆಲೆಯ ಮಾತಿಗೂ ಉತ್ತರವಿದೆ. ಹತ್ತು ಗಂಟೆಗೆ ಮಿತವಾಗಿ 60ರಂತೆ 600 ಸೇರಿಸಿದರೆ ಒಟ್ಟು 2,040. ಮಾರಿಹೋದ 35 ಬಿಲ್ಲೆಗಳಿಗೆ ಹಂಚಿದರೆ ಒಂದಕ್ಕೆ 58ಕ್ಕೂ ಮೇಲೆ. ಅಂದರೆ ಬೆಲೆ 60 ರೂಪಾಯಿ. "ಅಂಗಡಿಯಲ್ಲಿ ಇದಕ್ಕಿಂತ ಅಗ್ಗವಲ್ಲವೇ?" ಎನ್ನುವಿರಿ. ಹೌದು; ಕಂಪನಿಯು ಎಣ್ಣೆಯನ್ನು ಟನ್ನುಗಟ್ಟಲೆ ಕೊಳ್ಳುವುದು, ಯಂತ್ರದಿಂದ ಕತ್ತರಿಸುವುದು. ಬೇಕಾದವರು ಅದನ್ನೇ ಕೊಳ್ಳಲಿ, ದೋಷವಿಲ್ಲ. ಆದರೆ ಕೈಯ ಸಾಬೂನೇ ಬೇಕೆನ್ನುವವರು ಕೈಗೆ ಸಲ್ಲುವ 15 ರೂಪಾಯಿಗೆ ಚೌಕಾಸಿ ಮಾಡಬಾರದು.

ಸಹೋದ್ಯೋಗಿಗಳೇ, ಲಾಭ-ನಷ್ಟದ ಪಾಠ ಬಂದಾಗ ಹಲಗೆಯ ಮೇಲೆ ಒಂದು ಸಾಲನ್ನು ಹೆಚ್ಚಾಗಿ ಬರೆಯಿರಿ: "ದುಡಿದ ಗಂಟೆಗಳು ಎಷ್ಟು?" ವಿದ್ಯಾರ್ಥಿಗಳೇ, ಆ ಪ್ರಶ್ನೆಯನ್ನು ಇಂದು ಸಂಜೆ ಮನೆಯಲ್ಲಿ ಕೇಳಿರಿ. ಉತ್ತರವನ್ನು ಕೇಳಿದ ಮೇಲೆ, ನೀವಾದರೂ ಪಾತ್ರೆ ತೊಳೆಯಲು ಏಳಿರಿ.