ಹಿತ್ತಲಿಲ್ಲದವರಿಗೆ ಹಸಿರು ಪಾಠ

ನಮ್ಮ ಊರ ಸಾಲಿಗೆ ಒಬ್ಬ ಸಾಹೇಬರು ಬಂದಿದ್ದರು. ಪರಿಸರದ ಮೇಲೆ ಭಾಷಣ. ಮನೆಗೆ ಬೇಕಾದ ಕಾಯಿಪಲ್ಯ ಮನೆಯಲ್ಲೇ ಬೆಳೆದುಕೊಳ್ಳಿ ಅಂದರು. ಮೋಟಾರು ಬಿಡಿ, ಸೈಕಲ್ ತುಳಿಯಿರಿ, ಬಸ್ಸಿನಲ್ಲಿ ಓಡಾಡಿ, ಭೂಮಿ ಕಾಯುತ್ತಿದೆ ಅಂದರು. ಅವರು ಮಾತಾಡಿದಷ್ಟು ಹೊತ್ತೂ ಅವರ ಕಾರು ಸಾಲಿ ಮುಂದೆ ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ಒಳಗಿನ ತಂಪು ಆರಬಾರದಲ್ಲ! ಹಿಂದೆ ಕುಂತಿದ್ದ ನಮ್ಮ ಕೇರಿಯ ಮುದುಕಿ ಎದ್ದು ಒಂದೇ ಮಾತು ಕೇಳಿದಳು: "ಯಪ್ಪಾ, ನೀ ಬೀಜಾ ಕೊಡ್ತಿ ಖರೆ, ಹಿತ್ತಲಾ ಎಲ್ಲಿಂದ ತರಲಿ?"

ಸಭೆ ನಕ್ಕಿತು. ಸಾಹೇಬರೂ ನಕ್ಕರು. ಹಳೇ ಡಬ್ಬಿಯಲ್ಲಿ, ಹಳೇ ಟೈರಿನಲ್ಲಿ ಬೆಳೀಬಹುದು ಅಮ್ಮಾ ಅಂದರು. ನಾವು ನಗಲಿಲ್ಲ. ಮುದುಕಿ ಕೇಳಿದ್ದು ಡಬ್ಬಿಯನ್ನಲ್ಲ, ಭೂಮಿಯನ್ನು.

ಗೆಳೆಯರೆ, ಹಸಿರಿನ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ತಕರಾರು ಪಾಠದ ದಿಕ್ಕಿನ ಬಗ್ಗೆ. ಯಾರು ಎಣ್ಣೆ ಕಡಿಮೆ ಸುಡುತ್ತಾರೋ ಅವರಿಗೇ ಹೆಚ್ಚು ಉಪದೇಶ. ನಮ್ಮ ಅಪ್ಪಂದಿರು ಜೀವಮಾನವೆಲ್ಲ ನಡೆದರು. ನಮ್ಮ ಅವ್ವಂದಿರು ಕಟ್ಟಿಗೆ ಹೊರೆ ಹೊತ್ತು ಹರದಾರಿಗಟ್ಟಲೆ ನಡೆದರು. ಅದನ್ನು ಪರಿಸರ ಪ್ರೇಮ ಅಂತ ಕರೆದು ಅವರಿಗೆ ಹಾರ ಹಾಕಬೇಡಿ. ಬಸ್ಸಿಗೆ ಕಾಸಿರಲಿಲ್ಲ, ಅದಕ್ಕೆ ನಡೆದರು. ಬಡತನಕ್ಕೆ ಹಸಿರು ಬಣ್ಣ ಬಳಿಯುವ ಕೆಲಸವನ್ನು ನಾವು ಒಪ್ಪುವುದಿಲ್ಲ.

ಸ್ವಾವಲಂಬಿ ಕುಟುಂಬ, ಸ್ವಾವಲಂಬಿ ಹಳ್ಳಿ ಎಂಬ ಮಾತು ಕೇಳಲು ಪಾಡು. ಆದರೆ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಸಂವಿಧಾನದ ಅಡಿಗಲ್ಲು ಮಾಡಲು ಒಪ್ಪಲಿಲ್ಲ, ವ್ಯಕ್ತಿಯನ್ನು ಮಾಡಿದರು. ಯಾಕೆಂದರೆ ಹಳ್ಳಿಯ ಒಳಗೆ ಒಂದು ಕೇರಿ ಇದೆ ಎಂಬುದು ಅವರಿಗೆ ಗೊತ್ತಿತ್ತು. 'ಹಳ್ಳಿಗೆ ಹಿಂತಿರುಗಿ' ಎಂಬ ಹಸಿರು ಮಾತಿನೊಳಗೆ 'ಕೇರಿಗೆ ಹಿಂತಿರುಗಿ' ಎಂಬ ಮಾತು ಅಡಗಿದೆಯೋ ಏನೋ ಎಂದು ನಾವು ತಟ್ಟಿ ನೋಡಲೇಬೇಕು.

ಈಗ ಹಿತ್ತಲಿನ ಲೆಕ್ಕಕ್ಕೆ ಬರೋಣ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ ಅಂದರೆ 1089 ಚದರಡಿ. ಕೇರಿಯವನಿಗೆ ಸರಕಾರ ಕೊಟ್ಟ 30–40 ಸೈಟು ಅಂದರೆ 1200 ಚದರಡಿ. ಅಪ್ಪನಿಗೆ ಸಿಕ್ಕದ್ದು ಮೂವರು ಮಕ್ಕಳಿಗೆ ಪಾಲಾದರೆ ತಲೆಗೆ 400. ಅದರಲ್ಲಿ ಒಲೆ, ಹಾಸಿಗೆ, ಬಚ್ಚಲು, ಒಂದು ಆಡು. ಇನ್ನು ಕರಿಬೇವಿನ ಗಿಡ ಎಲ್ಲಿ ಹಚ್ಚಬೇಕು, ಎದೆಯ ಮೇಲೆಯೆ?

ಹಾಗಂತ ನಮಗೆ ಎಂದೂ ಭೂಮಿಯೇ ಇರಲಿಲ್ಲ ಅಂತಲ್ಲ. ಬೆಳಗಾವಿ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ ಊರ ಚಾಕರಿಗೆ ಪ್ರತಿಯಾಗಿ ನಮ್ಮ ಹಿರಿಯರಿಗೆ ವತನದ ತುಂಡುಭೂಮಿ ಇತ್ತು. ಅದು ಅನ್ನ ಕೊಡುವುದಕ್ಕಿಂತ ಹೆಚ್ಚಾಗಿ ಕಾಲಿಗೆ ಸಂಕೋಲೆಯಾಗಿತ್ತು. ಆ ಸಂಕೋಲೆ ಕಡಿಯಲು ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ವತನ ರದ್ದಾಗಲು ದಶಕಗಳು ಬೇಕಾದವು. ಚಾಕರಿ ಹೋಯಿತು, ಒಳ್ಳೆಯದಾಯಿತು. ಆದರೆ ಮರುಮಂಜೂರಾದ ಎಷ್ಟೋ ಹೊಲಗಳು ಮದುವೆ ಸಾಲಕ್ಕೆ, ಜಡ್ಡಿನ ಸಾಲಕ್ಕೆ ಗೌಡರ ಕೈ ಸೇರಿದವು. ಸರಕಾರ ನಮ್ಮವರಿಗೆ ಮಂಜೂರು ಮಾಡಿದ ಹೊಲ ಪರರ ಪಾಲಾಗಿದ್ದರೆ ಹಿಂದಕ್ಕೆ ಪಡೆಯಲೆಂದು 1978ರ ಪಿಟಿಸಿಎಲ್ ಕಾಯ್ದೆ ಬಂತು, ಆದರೆ ವತನದ ಹೊಲ ಅದರ ಹೊರಗೇ ಉಳಿಯಿತು. ಕಾಯ್ದೆ ಬಂದರೂ ಕಚೇರಿ ಕಟ್ಟೆ ಸವೆದದ್ದು ನಮ್ಮ ಚಪ್ಪಲಿಯಿಂದಲೇ. 1974ರಲ್ಲಿ ಉಳುವವನೇ ಒಡೆಯ ಎಂದಾಗ ಗೇಣಿ ದಾಖಲೆ ಇದ್ದವನು ಒಡೆಯನಾದ. ನಮ್ಮ ಬಹುಪಾಲು ಜನಕ್ಕೆ ಗೇಣಿಗೂ ಹೊಲ ಕೊಟ್ಟಿರಲಿಲ್ಲ. ಅವರು ಕೂಲಿಯವರಾಗಿಯೇ ಉಳಿದರು. 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ದುಡ್ಡಿದ್ದವನು ಯಾರಾದರೂ ಹೊಲ ಕೊಳ್ಳಬಹುದು ಎಂದು ಬಾಗಿಲು ತೆಗೆದರು. ಕೊಳ್ಳುವವನಿಗೆ ಬಾಗಿಲು ತೆರೆಯಿತು. ಕೂಲಿಯವನಿಗೆ?

ಹೆರವರ ಹೊಲದ ಬದುವೇ ನಮ್ಮ ಹಿತ್ತಲಾಗಿತ್ತು. ಇದನ್ನು ಪೇಟೆಯ ಪರಿಸರವಾದಿಗಳು ತಿಳಿಯಬೇಕು. ಜೋಳದ ಹೊಲದಲ್ಲಿ ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಬರುವಾಗ ಉಡಿಯಲ್ಲಿ ಹಕ್ಕರಕಿ, ಕಿರಕಸಾಲಿ, ಗೋಳಿ, ರಾಜಗಿರಿ ತರುತ್ತಿದ್ದರು. ಅಕ್ಕಡಿ ಸಾಲಿನ ಅಲಸಂದಿ, ಮಡಿಕಿ, ಪುಂಡಿ ಒಂದು ಹಿಡಿ ಸಿಗುತ್ತಿತ್ತು. ರೊಟ್ಟಿಗೆ ಅದೇ ಪಲ್ಯ. ದುಡ್ಡಿಲ್ಲದ ಊಟ, ಕಸುವಿನ ಊಟ.

ಆ ಬದು ಎಲ್ಲಿ ಹೋಯಿತು? ಗೋಕಾಕ, ಮೂಡಲಗಿ, ಹುಕ್ಕೇರಿ ರಸ್ತೆಯಲ್ಲಿ ಒಮ್ಮೆ ಹೋಗಿ ನೋಡಿ. ಎರಡೂ ಕಡೆ ಕಬ್ಬು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಅಣೆಕಟ್ಟಿಗಾಗಿ ಊರುಗಳು ಮುಳುಗಿದವು. ಆ ನೀರು ಕಾಲುವೆ ಹಿಡಿದು ಕಬ್ಬಿನ ಬುಡಕ್ಕೆ ಹೋಗುತ್ತದೆ. ಕಬ್ಬಿನ ಒಂದು ಬೆಳೆಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ಗೋಕಾಕ–ಮೂಡಲಗಿಯಲ್ಲಿ ವರ್ಷವಿಡೀ ಬೀಳುವ ಮಳೆ ಅದರ ಅರ್ಧಕ್ಕೂ ಸಾಲದು. ಕಬ್ಬಿನ ಸಾಲಿಗೆ ಕಳೆನಾಶಕ ಹೊಡೆದರೆಂದರೆ ಹಕ್ಕರಕಿಯೂ ಸತ್ತಿತು, ಕಳೆ ತೆಗೆಯುವ ಕೂಲಿಯೂ ಸತ್ತಿತು. ಒಂದೇ ಪಂಪಿನಲ್ಲಿ ನಮ್ಮ ಪಲ್ಯ, ನಮ್ಮ ಪಗಾರ ಎರಡೂ ಹೋದವು. ಈಗ ಸಂತೆಯಲ್ಲಿ ಮೆಂತ್ಯದ ಸಿವುಡು ಕೊಳ್ಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 47 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65. ಇದು ಅಜ್ಞಾನದ ರೋಗವೋ, ಹಿತ್ತಲು ಕಳಕೊಂಡ ರೋಗವೋ? ಮಾಸ್ತರರೇ, ನೀವೇ ಹೇಳಿ.

ಇಲ್ಲಿಗೆ ಹಸಿರು ಸವಾರಿಯ ಕಥೆ ಬಂದು ಕೂಡಿಕೊಳ್ಳುತ್ತದೆ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸುವ ಗುರಿಯನ್ನು ಸರಕಾರ 2025ರಲ್ಲಿ ಮುಟ್ಟಿತು. ಇದು ಹಸಿರು ಇಂಧನವಂತೆ. 2021ರಲ್ಲಿ ನೀತಿ ಆಯೋಗ ಹೊರಡಿಸಿದ ಎಥನಾಲ್ ವರದಿಯಲ್ಲೇ ಲೆಕ್ಕವಿದೆ: ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥನಾಲ್, ಒಂದು ಲೀಟರಿಗೆ ಸುಮಾರು 2860 ಲೀಟರ್ ನೀರು. ಒಂದು ಗುಂಟೆ ಕಾಯಿಪಲ್ಯಕ್ಕೆ ದಿನಕ್ಕೆ ಸುಮಾರು 500 ಲೀಟರ್ ಸಾಕು. ಅಂದರೆ ಕಬ್ಬಿನ ಎಥನಾಲ್ ಬೆರೆತ ಪೆಟ್ರೋಲನ್ನು 5 ಲೀಟರ್ ತುಂಬಿಸಿಕೊಂಡವನು ಒಂದು ಗುಂಟೆ ಹಿತ್ತಲಿನ ಐದು ದಿನದ ನೀರನ್ನು ಟಾಕಿಗೆ ಸುರಿದುಕೊಂಡ ಹಾಗೆ. ಮನೆಯಲ್ಲಿ ಬೆಳೆಯಿರಿ, ಹಸಿರು ವಾಹನ ಓಡಿಸಿ ಎಂಬ ಎರಡು ಉಪದೇಶಗಳು ಒಂದೇ ಬಾಯಿಂದ ಬರುತ್ತವೆ. ನಮ್ಮ ತಾಲೂಕುಗಳಲ್ಲಿ ಅವೆರಡೂ ಒಂದೇ ಕಾಲುವೆಯ ನೀರಿಗಾಗಿ ಬಡಿದಾಡುತ್ತವೆ. ಈ ಬಡಿದಾಟದಲ್ಲಿ ಟಾಕಿ ಗೆದ್ದಿದೆ, ಹಿತ್ತಲು ಸೋತಿದೆ.

ಎಥನಾಲ್ ಕಬ್ಬಿನಿಂದಷ್ಟೇ ಅಲ್ಲ, ಮೆಕ್ಕೆಜೋಳದಿಂದ, ಅಕ್ಕಿಯಿಂದಲೂ ಆಗುತ್ತದೆ. 2023ರ ಜೂನಿನಲ್ಲಿ ಅನ್ನಭಾಗ್ಯಕ್ಕೆ ಇನ್ನಷ್ಟು ಅಕ್ಕಿ ಬೇಕು, ರೊಕ್ಕ ಕೊಡುತ್ತೇವೆ ಎಂದು ಕರ್ನಾಟಕ ಕೇಳಿತು. ಕೇಂದ್ರವು ರಾಜ್ಯ ಸರಕಾರಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಆ ಹೊತ್ತಿನಲ್ಲಿ ಎಥನಾಲ್ ಭಟ್ಟಿಗೆ ಅಕ್ಕಿ ಕೊಡುವುದು ನಿಂತಿರಲಿಲ್ಲ. ಮೋಟಾರಿನ ಹೊಟ್ಟೆ ಮೊದಲು, ಮನುಷ್ಯನ ಹೊಟ್ಟೆ ಆಮೇಲೆ. ಇದರ ಹೆಸರು ಹಸಿರು!

ರೈತ ಗೆಳೆಯರಿಗೂ ಒಂದು ಮಾತು. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ನೀವು ರಸ್ತೆಗೆ ಕುಂತಿರಿ. ಟನ್ನಿಗೆ 3500 ರೂಪಾಯಿ ಕೇಳಿದಿರಿ. ನವೆಂಬರಿನಲ್ಲಿ ಸರಕಾರ 3300ಕ್ಕೆ ಬಂತು. ನಿಮ್ಮ ಹೋರಾಟ ನ್ಯಾಯದ್ದು. ಬೆಳೆದವನಿಗೆ ಬೆಲೆ ಸಿಗಲೇಬೇಕು. ಆದರೆ ಆ ಬೇಡಿಕೆಯ ಮುಂದಿನ ಸಾಲಿನಲ್ಲಿ ಕಬ್ಬು ಕಡಿಯುವವನ ಕೂಲಿ ಯಾಕೆ ಇರಲಿಲ್ಲ? ಗದ್ದೆ ಅಂಚಿನಲ್ಲಿ ತಾಡಪತ್ರಿ ಕೆಳಗೆ ಕೂಸು ಮಲಗಿಸಿ ಕಬ್ಬು ಕಡಿಯುವ ಟೋಳಿಯ ಹೆಂಗಸಿಗೆ ಬದುವಿನ ಎರಡು ಹಿಡಿ ಸೊಪ್ಪಾದರೂ ಉಳಿಯಲಿ ಎಂದು ಯಾಕೆ ಯಾರೂ ಕೇಳಲಿಲ್ಲ? ಕಾಲುವೆಯ ತುದಿಯಲ್ಲಿರುವ ಸಣ್ಣ ಹಿಡುವಳಿದಾರ ಮತ್ತು ಕೇರಿಯ ಕೂಲಿ, ಇಬ್ಬರೂ ಒಂದೇ ನೀರಿನಿಂದ ವಂಚಿತರು. ನೀವು ನಮ್ಮ ಜೊತೆ ಕೂಡಿದರೆ ಈ ಹೋರಾಟ ಬೇರೆಯಾಗುತ್ತದೆ.

ಇನ್ನು ಸೈಕಲ್. ಎಂಟನೇ ಇಯತ್ತೆಯ ಮಕ್ಕಳಿಗೆ ಸರಕಾರವೇ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಗಿತ್ತು. ಊರಿಂದ ಹೈಸ್ಕೂಲಿಗೆ ನಮ್ಮ ಹುಡುಗಿಯರು ಗುಂಪು ಗುಂಪಾಗಿ ಸೈಕಲ್ ಮೇಲೆ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಂಥ ಹಸಿರು ಕ್ರಾಂತಿ ಮತ್ತೊಂದಿಲ್ಲ. 2020ರ ಸಾಂಕ್ರಾಮಿಕದ ಹೊತ್ತಿಗೆ ಅದು ನಿಂತಿತು. ಇತ್ತ ಬ್ಯಾಟರಿ ಕಾರು ಕೊಂಡವನಿಗೆ ವರ್ಷಾನುಗಟ್ಟಲೆ ರಸ್ತೆ ತೆರಿಗೆ ಮಾಫಿ ಇತ್ತು. ಯಾರ ಹಸಿರಿಗೆ ಖಜಾನೆ ತೆರೆಯಿತು, ಯಾರ ಹಸಿರಿಗೆ ಮುಚ್ಚಿತು ನೋಡಿ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಟ್ರಾಕ್ಟರಿನ ಪಕ್ಕ ಕತ್ತಲಲ್ಲಿ ಸೈಕಲ್ ತುಳಿಯಲು ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಸೈಕಲ್ಲಿಗೆ ದಾರಿ ಬಿಡದೆ ಸೈಕಲ್ ತುಳಿಯಿರಿ ಎನ್ನುವುದು ಮೋಸ.

2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ. 'ಪುಕ್ಕಟೆ ತಿರುಗಾಡ್ತಾವ' ಎಂದು ಹಂಗಿಸುವ ಗಂಡಸರು ಹೆಚ್ಚಾಗಿ ಮೋಟಾರ್‌ಸೈಕಲ್ ಮೇಲೆ ಕುಂತೇ ಹಂಗಿಸುತ್ತಾರೆ. ಕೂಲಿಗೆ ಗೋಕಾಕ ಸಂತೆಗೆ ಹೋಗುವ ನಮ್ಮ ಅಕ್ಕ ಐವತ್ತು ಜನರ ಜೊತೆ ಒಂದೇ ಎಂಜಿನಿನಲ್ಲಿ ಹೋಗುತ್ತಾಳೆ. ಹಂಗಿಸುವವನು ಒಬ್ಬನಿಗೆ ಒಂದು ಎಂಜಿನ್. ಪರಿಸರದ ಲೆಕ್ಕ ಯಾರ ಕಡೆ ಇದೆ? ನಮ್ಮ ದೂರು ಬೇರೆ: ಬಸ್ಸುಗಳು ಸಾಲದು, ಕೇರಿಯ ಕಡೆಗೆ ದಾರಿ ಸಾಲದು.

ನಮ್ಮನ್ನೂ ನಾವು ಬಿಡಬಾರದು. ನಮ್ಮ ಹುಡುಗರು ಕಂತಿನ ಸಾಲದಲ್ಲಿ ಬೈಕು ತಂದು, ಕಂತು ಕಟ್ಟಲು ಅವ್ವನ ಮೂಗುತಿ ಒತ್ತೆ ಇಡುತ್ತಿದ್ದಾರೆ. ಸೈಕಲ್ ಅಂದರೆ ಅವಮಾನ ಎಂದು ನಮಗೆ ಕಲಿಸಿದವರು ಯಾರು? ಮೇಲ್ಜಾತಿಯವರ ಮುಂದೆ ಸೈಕಲ್ ಇಳಿದು ನಡೆಯಬೇಕಾಗಿದ್ದ ಕಾಲದ ಗಾಯ ಅದು. ಅದು ನಮಗೆ ಅರ್ಥವಾಗುತ್ತದೆ. ಆದರೆ ಗಾಯಕ್ಕೆ ಕಂತು ಕಟ್ಟಿದರೆ ವಾಸಿಯಾಗುವುದಿಲ್ಲ. ಬಚ್ಚಲ ನೀರು ಕೇರಿಯ ಓಣಿಯಲ್ಲಿ ನಿಂತು ಸೊಳ್ಳೆಗೆ ಮನೆಯಾಗುತ್ತಿದೆ. ಆ ನೀರಿಗೆ ಒಂದು ನುಗ್ಗಿ, ಒಂದು ಬಾಳೆ ಹಚ್ಚಲು ಯಾವ ಸರಕಾರದ ಆಜ್ಞೆಯೂ ಬೇಡ. ಪುಂಡಿ, ರಾಜಗಿರಿ, ಅವರಿ ಬೀಜ ಕಟ್ಟಿಡುವ ಬುದ್ಧಿ ನಮ್ಮ ಅಜ್ಜಿಯರ ಜೊತೆ ಮಣ್ಣಾಗುವ ಮೊದಲು ಅವರ ಹತ್ತಿರ ಕುಂತು ಕಲಿಯಬೇಕು.

ಇಷ್ಟೆಲ್ಲ ಆದಮೇಲೆ ನಮ್ಮ ಬೇಡಿಕೆ ಸರಳ. ಭೂಮಿ ಇಲ್ಲದ ಪ್ರತಿ ಮನೆಗೆ 4 ಗುಂಟೆ ಹಿತ್ತಲು, ಹೆಣ್ಣುಮಗಳ ಹೆಸರಿಗೆ. ಇದು ಹುಚ್ಚು ಮಾತಲ್ಲ. ಕೇರಳದಲ್ಲಿ 1970ರಿಂದ ಜಾರಿಗೆ ಬಂದ ಭೂಸುಧಾರಣೆ, ಒಡೆಯನ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಗೆ ಪಂಚಾಯತಿ ಪ್ರದೇಶದಲ್ಲಿ 10 ಸೆಂಟ್ ನೆಲದ ಹಕ್ಕು ಕೊಟ್ಟಿತು. 10 ಸೆಂಟ್ ಅಂದರೆ ನಮ್ಮ 4 ಗುಂಟೆ. ಅಲ್ಲಿಯೂ ದಲಿತರಿಗೆ ಉಳುವ ಹೊಲ ಸಿಗಲಿಲ್ಲ, ಕಾಲನಿಗಳಲ್ಲೇ ಉಳಿದರು ಎಂಬ ಟೀಕೆ ಖರೆ. ಆದರೂ ತೆಂಗು, ಬಾಳೆ, ನುಗ್ಗಿ ಹಚ್ಚುವಷ್ಟು ಜಾಗ ಎಷ್ಟೋ ಕೂಲಿಗಳದಾಯಿತು. ನಮ್ಮ ರಾಜ್ಯದಲ್ಲಿ 2017ರಲ್ಲಿ ವಾಸಿಸುವವನೇ ಮನೆಯ ಒಡೆಯ ಎಂದು ಕಾಯ್ದೆ ತಿದ್ದಿದರು. ಅದರ ಮುಂದಿನ ಹೆಜ್ಜೆ ಹಿತ್ತಲು.

ಗಾಯರಾಣ ಎಷ್ಟಿದೆ, ಯಾರು ಒತ್ತಿದ್ದಾರೆ ಎಂಬ ಪಟ್ಟಿ ಊರೂರಿಗೆ ಆಗಬೇಕು. ಕಾಲುವೆ ನೀರಿನಲ್ಲಿ ಕಬ್ಬಿಗಿಂತ ಮೊದಲು ಹಿತ್ತಲಿಗೆ, ಸಾಲಿ ತೋಟಕ್ಕೆ ಪಾಲು ಬೇಕು. ಸೈಕಲ್ ಯೋಜನೆ ಮತ್ತೆ ಬೇಕು. ಕಾರ್ಖಾನೆ ರಸ್ತೆಗಳಲ್ಲಿ ಸೈಕಲ್ಲಿಗೆ, ನಡೆಯುವವರಿಗೆ ಬೇರೆ ದಾರಿ ಬೇಕು. ಹುಕ್ಕೇರಿಯ ಜನ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ಹಳ್ಳಿ ಹಳ್ಳಿಗೆ ದೀಪ ಕೊಟ್ಟವರು. ತಂತಿ ಎಳೆದು ಕರೆಂಟು ಹಂಚಬಲ್ಲ ಸಹಕಾರ, ಕೇರಿಯ ಹೆಂಗಸರ ಕೈಗೆ ಎರಡು ಬ್ಯಾಟರಿ ಗಾಡಿ ಕೊಟ್ಟು ಸಂತೆಗೆ ಕಾಯಿಪಲ್ಯ ಸಾಗಿಸಲಾರದೆ?

ಮಾಸ್ತರರೇ, ಕೈತೋಟದ ಪಾಠ ಮಾಡುವ ದಿನ ಮಕ್ಕಳ ಕೈಗೆ ಒಂದು ಹಗ್ಗ ಕೊಡಿ. ಊರ ಹಿತ್ತಲೂ ಅಳೆಯಲಿ, ಕೇರಿಯ ಹಿತ್ತಲೂ ಅಳೆಯಲಿ. ಎರಡೂ ಅಂಕಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಸಿ. ವಿದ್ಯಾರ್ಥಿ ಗೆಳೆಯರೆ, ಆ ಅಂಕಿ ತಹಶೀಲ್ದಾರ ಕಚೇರಿಗೆ ಒಯ್ಯಿರಿ. ಸಂಘಟನೆಯ ಗೆಳೆಯರೆ, ಮುಂದಿನ ಸಭೆಯನ್ನು ಗಾಯರಾಣದಲ್ಲೇ ಕರೆಯಿರಿ, ಬರುವಾಗ ಒಂದೊಂದು ನುಗ್ಗಿ ಕೊಂಬೆ ತನ್ನಿ.

ಆ ಮುದುಕಿ ಬೀಜ ಕಟ್ಟಿಟ್ಟುಕೊಂಡಿದ್ದಾಳೆ. ಹಿತ್ತಲು ತರುವುದು ನಮ್ಮ ಕೆಲಸ.