ಬಂಡೆ ಹತ್ತೋಕಾಗದಿದ್ರೆ ಗಾಡಿ ತಿರುಗಿಸಿ

"ಅಯ್ಯೋ, ಮರುಭೂಮಿ ತಾನೇ, ಅಲ್ಲೇನಿದೆ ಹಾಳಾಗೋಕೆ?"

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮ ಕನ್ನಡದ ಹುಡುಗರು ಹೊಸ ಜೀಪ್ ಕೊಂಡ ಕೂಡಲೇ ಹೇಳೋ ಮಾತಿದು. ಇಲ್ಲಿಯವರೂ ಇದನ್ನೇ ಇಂಗ್ಲಿಷಿನಲ್ಲಿ ಹೇಳ್ತಾರೆ. ಮಾತು ಸಣ್ಣದು, ಆದರೆ ಅದನ್ನು ನಂಬಿಕೊಂಡು ಸ್ಟಿಯರಿಂಗ್ ಹಿಡಿದವನು ಮಾಡೋ ಗಾಯ ದೊಡ್ಡದು.

ಲಾಸ್ ಏಂಜಲೀಸಿನ ಪೂರ್ವಕ್ಕೆ ಸ್ಯಾನ್ ಬರ್ನಾರ್ಡಿನೋ ರಾಷ್ಟ್ರೀಯ ಅರಣ್ಯವಿದೆ. ಅದರೊಳಗೆ ಸುಮಾರು 6,700 ಅಡಿ ಎತ್ತರದಲ್ಲಿ ಬಿಗ್ ಬೇರ್ ಸರೋವರ. ಅಲ್ಲಿಂದ ಉತ್ತರದ ಬೆಟ್ಟದ ಸಾಲು ದಾಟಿದರೆ ಕೆಳಗೆ ಮೊಹಾವೀ ಮರುಭೂಮಿ. ಆ ಇಳಿಜಾರಿನಲ್ಲಿ ಪಿನ್ಯನ್ ಪೈನ್, ಜೂನಿಪರ್, ಇನ್ನೂ ಕೆಳಗೆ ಜೋಶುವಾ ಮರಗಳು. 1860ರಲ್ಲಿ ಹೋಲ್ಕಂಬ್ ಕಣಿವೆಯಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದ ಜಾಗ ಇದು. ಈ ಭಾಗದಲ್ಲೇ ಜಾನ್ ಬುಲ್ ಟ್ರೇಲ್ ಇದೆ, ಇಲಾಖೆಯ ನಕ್ಷೆಯಲ್ಲಿ 3ಎನ್10. ಕಪ್ಪು ವಜ್ರದ ಗುರುತು ಹಾಕಿದ್ದಾರೆ, ಅಂದರೆ ಅತಿ ಕಠಿಣ. ಬಂಡೆಗಳ ಮೇಲೆ ಬಂಡೆ. ನಡೆಯೋ ಮನುಷ್ಯನಿಗಿಂತ ನಿಧಾನವಾಗಿ ಗಾಡಿ ತೆವಳಬೇಕು.

ಹೀಗೆ ತೆವಳೋದೇ ಒಂದು ವಿದ್ಯೆ ಸ್ವಾಮಿ. ಮೊದಲು ಟೈರಿನ ಗಾಳಿ ಅರ್ಧಕ್ಕರ್ಧ ಇಳಿಸಬೇಕು, ಆಗ ರಬ್ಬರು ಕಲ್ಲನ್ನು ಅಪ್ಪಿಕೊಳ್ಳುತ್ತೆ. ಫೋರ್-ಲೋ ಗೇರಿಗೆ ಹಾಕಬೇಕು. ಒಬ್ಬ ಕೆಳಗಿಳಿದು ಮುಂದೆ ನಿಂತು, ಎಡಕ್ಕೆ ಬಲಕ್ಕೆ ಅಂತ ಕೈಸನ್ನೆ ಮಾಡಬೇಕು. ಆಕ್ಸಿಲರೇಟರ್ ಮೇಲೆ ಕಾಲು ಮೊಟ್ಟೆ ಮೇಲಿಟ್ಟ ಹಾಗೆ ಇರಬೇಕು. ಚಕ್ರ ಗಿರಗಿರ ತಿರುಗಿ ಮಣ್ಣು ಹಾರಿತು ಅಂದರೆ ಅದು ಪರಾಕ್ರಮ ಅಲ್ಲ, ಓಡಿಸೋಕೆ ಬರಲ್ಲ ಅನ್ನೋದರ ಪುರಾವೆ. ವಿಡಿಯೋದಲ್ಲಿ ಮಾತ್ರ ಅದಕ್ಕೇ ಚಪ್ಪಾಳೆ!

ನನ್ನ ತಕರಾರು ಬಂಡೆ ಹತ್ತೋರ ಮೇಲಲ್ಲ, ಬಂಡೆ ಸುತ್ತಿಕೊಂಡು ಹೋಗೋರ ಮೇಲೆ. 37 ಇಂಚಿನ ಟೈರು ಹಾಕಿಸಿ, ಗಾಡಿ ಎತ್ತರಿಸಿ ಬಂದವನಿಗೆ ಹತ್ತೋಕಾಗಲ್ಲ. ವಾಪಸ್ ಹೋದರೆ ಮಾನ ಹೋಗುತ್ತೆ. ಪಕ್ಕದ ಪೊದೆಯ ಮೇಲೆ ಹತ್ತಿಸಿ ಮುಂದೆ ಹೋಗ್ತಾನೆ. ಎರಡು ಗೆರೆ ಬಿತ್ತು. ಹಿಂದೆ ಬಂದವನು ಆ ಗೆರೆಯನ್ನೇ ದಾರಿ ಅಂದುಕೊಳ್ತಾನೆ. ಮಳೆ ಬಿದ್ದಾಗ ನೀರು ಅಲ್ಲೇ ಹರಿದು ಕೊರಕಲಾಗುತ್ತೆ. ಮೂರನೆಯವನು ಕೊರಕಲು ತಪ್ಪಿಸೋಕೆ ಇನ್ನೂ ಆಚೆ ಹೋಗ್ತಾನೆ. ಒಂದು ಗಾಡಿಯ ದಾರಿ ಹೀಗೆ ಬಯಲಾಗಿಬಿಡುತ್ತೆ.

ಮಲೆನಾಡಿನಲ್ಲಾದರೆ ಒಂದು ಮಳೆಗಾಲ ಕಳೆದರೆ ಗಾಡಿ ಜಾಡಿನ ಮೇಲೆ ಹುಲ್ಲಾದರೂ ಹುಟ್ಟುತ್ತೆ. ಮರುಭೂಮಿಗೆ ಆ ಕ್ಷಮಾಗುಣ ಇಲ್ಲ. 1942ರಲ್ಲಿ ಜನರಲ್ ಪ್ಯಾಟನ್ ಇದೇ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಟ್ಯಾಂಕ್ ತರಬೇತಿ ಶುರು ಮಾಡಿದ. ಆ ಟ್ಯಾಂಕುಗಳ ಜಾಡು ಇವತ್ತಿಗೂ ಕಾಣುತ್ತೆ. ಬಿಗ್ ಬೇರ್ ಸುತ್ತಮುತ್ತ 'ಪೆಬಲ್ ಪ್ಲೇನ್' ಅನ್ನೋ ಬಯಲುಗಳಿವೆ. ಜೇಡಿಮಣ್ಣಿನ ಮೇಲೆ ಬೆಣಚುಕಲ್ಲು ಹರಡಿದ ಜಾಗ. ನೋಡಿದರೆ ಖಾಲಿ ಪಾರ್ಕಿಂಗ್ ಲಾಟ್ ಥರ. ಬಗ್ಗಿ ನೋಡಿದರೆ ಕೆಲವೇ ಅಂಗುಲ ಎತ್ತರದ ಗಿಡಗಳು, ಕೆಲವು ಜಾತಿಯವು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಒದ್ದೆಯಿದ್ದಾಗ ಒಂದೇ ಒಂದು ಜೀಪ್ ಹಾದರೂ ಸಾಕು, ಆ ಗುರುತು ವರ್ಷಗಟ್ಟಲೆ ಉಳಿಯುತ್ತೆ. ಅಲ್ಲೇನಿದೆ ಹಾಳಾಗೋಕೆ ಅಂದರಲ್ಲ, ಇದಿದೆ.

"ಸರ್ಕಾರಿ ಜಾಗ, ನಮ್ಮ ತೆರಿಗೆ ದುಡ್ಡು" ಅನ್ನೋ ವಾದ ಇನ್ನೊಂದು. ಸರಿ, ಕಾನೂನನ್ನೇ ನೋಡೋಣ. 1972ರಲ್ಲಿ ನಿಕ್ಸನ್ ಸರ್ಕಾರಿ ಜಮೀನಿನಲ್ಲಿ ಇಂಥ ಗಾಡಿಗಳಿಗೆ ನಿಯಂತ್ರಣ ತಂದ. 1977ರಲ್ಲಿ ಕಾರ್ಟರ್ ಅದನ್ನು ಬಿಗಿಮಾಡಿದ: ಮಣ್ಣಿಗೆ, ಗಿಡಕ್ಕೆ, ಪ್ರಾಣಿಗಳಿಗೆ ಗಣನೀಯ ಹಾನಿ ಆಗ್ತಿದೆ ಅಂತ ಕಂಡರೆ ಆ ಹಾದಿಯನ್ನು ಕೂಡಲೇ ಮುಚ್ಚಬೇಕು. 2005ರ ನಿಯಮದ ಪ್ರಕಾರ ಪ್ರತಿ ರಾಷ್ಟ್ರೀಯ ಅರಣ್ಯವೂ ಗಾಡಿ ಹೋಗಬಹುದಾದ ದಾರಿಗಳ ನಕ್ಷೆ ಹಾಕುತ್ತೆ, ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಅಂತ. ಪುಕ್ಕಟೆ ಸಿಗುತ್ತೆ. ಅದರಲ್ಲಿ ಗೆರೆ ಇಲ್ಲ ಅಂದರೆ ದಾರಿ ಇಲ್ಲ, ಅಷ್ಟೇ. ಸಾವಿರಗಟ್ಟಲೆ ಡಾಲರ್ ಸುರಿದು ಬಂಪರ್, ವಿಂಚು ಹಾಕಿಸೋರಿಗೆ ಪುಕ್ಕಟೆ ನಕ್ಷೆ ಬಿಡಿಸಿ ನೋಡೋಕೆ ಪುರುಸೊತ್ತಿಲ್ಲವಾ?

ಬಂಡೆ ಸುತ್ತಿ ಹೋದವನು ಕದ್ದದ್ದು ಸರ್ಕಾರದಿಂದಲ್ಲ, ನೆಟ್ಟಗೆ ಓಡಿಸೋ ನಿಮ್ಮಿಂದ, ನನ್ನಿಂದ. ಅವನ ಎರಡು ಗೆರೆಗೆ ನಾಳೆ ಇಡೀ ಹಾದಿಗೆ ಬೀಗ ಬೀಳಬಹುದು.

ಹಾಗಂತ "ಎಲ್ಲಾ ಮುಚ್ಚಿಬಿಡಿ" ಅನ್ನೋರ ಜೊತೆಗೂ ನಾನಿಲ್ಲ. ಈ ಅರಣ್ಯದಲ್ಲಿ 'ಅಡಾಪ್ಟ್-ಎ-ಟ್ರೇಲ್' ಅಂತಿದೆ. ಜೀಪ್ ಕ್ಲಬ್ಬುಗಳೇ ಒಂದೊಂದು ಹಾದಿಯನ್ನು ದತ್ತು ತಗೊಂಡು, ರಜೆಯ ದಿನ ಬಂದು ಕಸ ಎತ್ತುತ್ತವೆ, ಫಲಕ ನಿಲ್ಲಿಸುತ್ತವೆ, ಕಳ್ಳದಾರಿಗಳನ್ನು ಅಡ್ಡಗಟ್ಟುತ್ತವೆ. ಹಾದಿ ಮುಚ್ಚಿದರೆ ಮೊದಲು ಹೋಗೋದು ಈ ಕೈಗಳು. ನಿಯಮ ಮುರಿಯೋನು ಬೀಗ ಹಾಕಿದ ಮೇಲೂ ಬೇಲಿ ಕತ್ತರಿಸಿ ಬರ್ತಾನೆ. ಪ್ರೀತಿಸೋರನ್ನ ಹೊರಗಟ್ಟಿ ಕಾಡು ಕಾಯೋಕಾಗಲ್ಲ.

ಇನ್ನೊಂದು ಗುಂಪು, ಬಂಡೆ ಸಂದಿಗೆ ಕಲ್ಲು ತುಂಬಿ ದಾರಿಯನ್ನೇ ಸುಲಭ ಮಾಡಿಬಿಡೋರು. ಅಲ್ಲಾ ಸಾರ್, ಹೆದ್ದಾರಿ ಬೇಕಿದ್ದರೆ ಕೆಳಗಡೆ ಇದೆಯಲ್ಲ! ಹತ್ತಿರದಲ್ಲೇ ಸಾಧಾರಣ ಎಸ್‌ಯುವಿ ಹೋಗೋ ಮಣ್ಣಿನ ರಸ್ತೆಗಳೂ ಇವೆ. ಕಠಿಣ ಹಾದಿ ಕಠಿಣವಾಗಿಯೇ ಇರಬೇಕು. ಯಾರು ಬರಬೇಕು, ಯಾರು ಬರಬಾರದು ಅಂತ ಹೇಳೋ ಕಾವಲುಗಾರ ಆ ಬಂಡೆಯೇ.

ಊರಿಗೆ ಬಂದಾಗ ಇದೇ ಚಪಲ ಹೊತ್ತುಕೊಂಡು ಪಶ್ಚಿಮಘಟ್ಟಕ್ಕೆ ನುಗ್ಗೋರಿಗೂ ಒಂದು ಮಾತು: ಅಲ್ಲಿ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗೋದೇ ಅಪರಾಧ.

ಮತ್ತೆ ಕೇಳ್ತೀರಿ, ಇಷ್ಟು ದುಡ್ಡು ಹಾಕಿ ಅರ್ಧ ದಾರಿಯಲ್ಲಿ ವಾಪಸ್ ಬರೋದಾ ಅಂತ. ಹೌದು, ಬನ್ನಿ. ಗಾಡಿಗೆ ರಿವರ್ಸ್ ಗೇರ್ ಕೊಟ್ಟಿರೋದು ಮಾಲ್‌ನ ಪಾರ್ಕಿಂಗಿಗೆ ಮಾತ್ರ ಅಲ್ಲ.